ಬಳಕೆದಾರರ ಹೆಸರು: ನಮ್ಮೆಜಮಾನ್ರು

"ಈ ನಮ್ಮೆಜಮಾನ್ರು ಎನ್ನುವವರು ಯಾರು ಮಾರಾಯ್ರೆ? ಮಂಡ್ಯ ಜಿಲ್ಲೆ ಇಡೀ ಇವರೇ ಇದ್ದಾರಲ್ಲ" ಎಂದು ಲೋಬೋ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಕೇಳಿದ.

ಸೌಭಾಗ್ಯ ಆಗತಾನೇ ಕಾಫಿ ಲೋಟವನ್ನು ಬಾಯಿಗಿಟ್ಟಿದ್ದಳು. ನಕ್ಕ ರಭಸಕ್ಕೆ ಕಾಫಿ ತುಳುಕಿತು. ಮಂಗಳೂರಿನ ಹುಡುಗ ವಿನ್ಸೆಂಟ್ ಲೋಬೋ ಮೈಸೂರಿಗೆ ಬಂದು ವರ್ಷವಾಗಿದ್ದರೂ ಈ ಕಡೆಯ ಮಾತು ಅವನಿಗೆ ಇನ್ನೂ ಪೂರ್ತಿ ಹತ್ತಿರಲಿಲ್ಲ. ಅದು ಹೆಸರಲ್ಲ, ನಮ್ಮ ಯಜಮಾನರು ಅಂತ, ಇಲ್ಲಿ ಹೆಂಗಸರು ಗಂಡನನ್ನು ಹಾಗನ್ನುತ್ತಾರೆ ಎಂದು ಅವಳು ಬಿಡಿಸಿ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ನಗು ನಿಂತುಹೋಗಿತ್ತು. ಎದ್ದು ಅವನ ಪರದೆಯ ಮುಂದೆ ಬಂದು ನಿಂತಳು. ನಮ್ಮೆಜಮಾನ್ರು. ನಮ್ಮೆಜಮಾನ್ರು. ನಮ್ಮನೆಯೋರು. ರತ್ನನ ಅಪ್ಪ. ಇವ್ರು. ಮತ್ತೆ ನಮ್ಮೆಜಮಾನ್ರು. ಒಂದೊಂದರ ಎದುರಿಗೂ ಒಂದೇ ಒಕ್ಕಣೆ: ಹಳೆಯ ಕಣಜ ಬೇರೆಯವರದು, ಅಳಿಸಲಾಗಿದೆ, ಹೊಸದು ಸಿದ್ಧವಾಗಿದೆ.

ಆ ಕಚೇರಿಯಲ್ಲಿ ಡೇಟಾಬೇಸಿಗೆ ಕಣಜ ಎನ್ನುತ್ತಿದ್ದರು. ಅವರು ತಯಾರಿಸುತ್ತಿದ್ದದ್ದು ದನಿಪಟ್ಟಿ. ಗಂಟಲ ಕ್ಯಾನ್ಸರಾಗಿ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಕತ್ತಿಗೆ ಕಟ್ಟಿಕೊಳ್ಳುವ ಸಾಧನ ಅದು. ದನಿ ಹೋದರೂ ಮಾತಾಡಹೊರಟ ಮನುಷ್ಯನ ಕತ್ತು, ದವಡೆಗಳ ಸ್ನಾಯುಗಳು ಮಿಡುಕುತ್ತವೆ. ಪಟ್ಟಿ ಆ ಮಿಡುಕನ್ನು ಹಿಡಿದು ಗಟ್ಟಿಯಾಗಿ ಆಡಿ ತೋರಿಸುತ್ತದೆ. ಆದರೆ ಯಾವ ಮಿಡುಕಿಗೆ ಯಾವ ಮಾತು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಅದನ್ನು ಯಾರಾದರೂ ಪಟ್ಟಿಗೆ ಕಲಿಸಬೇಕು. ತುಟಿ ನೋಡಿಯೇ ಮನಸ್ಸು ತಿಳಿಯಬಲ್ಲವರೊಬ್ಬರು ಪಕ್ಕದಲ್ಲಿ ಕೂತು, ಈಗ ನೀರು ಕೇಳಿದರು, ಈಗ ಸಿಟ್ಟು ಮಾಡಿಕೊಂಡರು, ಈಗ ಇಂಥ ಮಾತಂದರು ಎಂದು ಹೇಳಿಕೊಡುತ್ತ ಹೋಗಬೇಕು. ತಿಂಗಳುಗಟ್ಟಲೆ, ವರ್ಷಗಟ್ಟಲೆ. ಹಾಗೆ ಕೂಡಿಟ್ಟ ಮಾತಿನ ರಾಶಿಯೇ ಕಣಜ. ಅದು ಪಟ್ಟಿಯೊಳಗಿನ ಚಿಪ್ಪಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ನಕಲು ತೆಗೆಯಲು ಬರುವುದಿಲ್ಲ. ಹೇಳಿಕೊಟ್ಟವರ ದನಿಯೇ ಆ ಬೀಗದ ಕೀಲಿ.

ಮೊದಲೆಲ್ಲ ತಂತ್ರಾಂಶ ಹೊಸದಾದಾಗ ಕಂಪನಿಯವರೊಬ್ಬರು ಮನೆಗೇ ಹೋಗಿ, ಹಳೆಯ ಕಣಜ ಇದೆಯೇ, ಯಾರದು, ಉಳಿಸಬೇಕೇ ಬೇಡವೇ ಎಂದು ಕೇಳಿ, ಹೊಸದಕ್ಕೆ ಹೊಂದಿಸಿ ಬರುತ್ತಿದ್ದರು. ಊರೂರು ಅಲೆಯುವುದಕ್ಕೆ ಜನ ಸಾಲದಾದರು. ತಂತ್ರಾಂಶವನ್ನು ಮೂಟೆ ಕಟ್ಟಿ ಕಳಿಸುವುದು ಸೌಭಾಗ್ಯಳ ತಂಡದ ಕೆಲಸ. ಆ ಪ್ರಶ್ನೆಗಳನ್ನೂ ಉತ್ತರಗಳನ್ನೂ ಅವಳು ಮೂಟೆಯೊಳಗೇ ಇಟ್ಟು ಕಟ್ಟಿದಳು. ಮೂಟೆ ಗಾಳಿಯಲ್ಲಿ ಬಂದು ಪಟ್ಟಿಯೊಳಗೆ ಇಳಿಯುತ್ತದೆ. ಪಟ್ಟಿಯನ್ನು ಕತ್ತಿನಿಂದ ಬಿಚ್ಚಿದ ಕೂಡಲೇ, ಇಲ್ಲವೇ ಚಾರ್ಜ್ ಮುಗಿಯಲು ಬಂದಾಗ, ತಾನೇ ಬಿಚ್ಚಿಕೊಂಡು, ತಾನೇ ಕೇಳಿಕೊಂಡು, ತಾನೇ ಉತ್ತರ ಹೇಳಿಕೊಂಡು ಕಣಜವನ್ನು ಅಣಿಮಾಡುತ್ತದೆ. ಕೆಲಸ ಅರ್ಧಕ್ಕೆ ನಿಲ್ಲದಿರಲೆಂದು ಬ್ಯಾಟರಿಯಲ್ಲಿ ಕೊನೆಯ ಗುಟುಕು ಕರೆಂಟನ್ನು ಅದಕ್ಕೇ ಮೀಸಲಿಟ್ಟಿದ್ದಳು. ಮನೆಯವರನ್ನು ಒಂದೇ ಒಂದು ಮಾತು ಕೇಳಬೇಕಾಗಿಲ್ಲ ಎಂದು ಅವಳು ಸಭೆಯಲ್ಲಿ ಹೇಳಿದಾಗ ಎಲ್ಲರೂ ಮೇಜು ತಟ್ಟಿದ್ದರು.

ಸತ್ತವರ ಪಟ್ಟಿ ಕಟ್ಟಿಕೊಂಡು ಅವರ ದನಿಯಲ್ಲಿ ನೆಂಟರಿಷ್ಟರಿಗೆ ಫೋನು ಮಾಡಿ ಮೋಸ ಮಾಡುವವರು ಹೆಚ್ಚಾದ ಮೇಲೆ ಹೊಸದೊಂದು ಕಾನೂನು ಬಂದಿತ್ತು. ಕಣಜದೊಳಗಿನ ಹೆಸರು ಸರ್ಕಾರದ ದಾಖಲೆಯ ಹೆಸರಿಗೆ ಹೊಂದದಿದ್ದರೆ ಆ ಕಣಜವನ್ನು ಅಳಿಸಿಬಿಡಬೇಕು. ಸೌಭಾಗ್ಯ ಅದನ್ನೂ ಮೂಟೆಗೆ ಸೇರಿಸಿದ್ದಳು. ಆಸ್ಪತ್ರೆಯಿಂದ ತರಿಸಿದ ಮಾದರಿಗಳ ಮೇಲೆ ಪರೀಕ್ಷೆಯೂ ನಡೆದಿತ್ತು. ಅವುಗಳಲ್ಲಿ ಹೆಸರನ್ನು ನರ್ಸುಗಳು ಚೆನ್ನಾಗಿ ಟೈಪು ಮಾಡಿದ್ದರು. ಮನೆಗಳಲ್ಲಿ ಹಾಗಾಗಿರಲಿಲ್ಲ. ಮೊಟ್ಟಮೊದಲ ಸಲ ಪಟ್ಟಿ ತೊಡಿಸಿದಾಗ ಅದು "ಬಳಕೆದಾರರ ಹೆಸರು ಹೇಳಿ" ಅನ್ನುತ್ತದೆ. ತೊಟ್ಟವನಿಗೆ ಬಾಯಿಲ್ಲ, ಹೇಳಬೇಕಾದವಳು ಹೆಂಡತಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ ಮುದುಕಿಯಾದವಳು ಒಂದು ಯಂತ್ರ ಕೇಳಿತೆಂದು ಹೇಳಿಯಾಳೇ? ಹಳೆಯ ತಂತ್ರಾಂಶ ಏನು ಹೇಳಿದರೂ ತಲೆಯಾಡಿಸಿ ಬರೆದುಕೊಂಡಿತ್ತು. ಆ ಹೆಸರು ಯಾತಕ್ಕೂ ಬೇಕಾಗಿರಲಿಲ್ಲ, ಈವತ್ತಿನ ತನಕ.

ಲೋಬೋನಿಗೆ ತಿಳಿಯದೇ ಹೋದದ್ದು ಸರಿ. ಮಂಡ್ಯದಲ್ಲಿ ಹುಟ್ಟಿ ಬೆಳೆದ ತನಗೆ ಯಾಕೆ ಹೊಳೆಯಲಿಲ್ಲ ಎಂದುಕೊಳ್ಳುತ್ತಲೇ ಸೌಭಾಗ್ಯ ಕಚೇರಿಯ ಮುಖ್ಯಸ್ಥೆ ವತ್ಸಲಾ ಮೇಡಂ ಕೋಣೆಗೆ ಓಡಿದಳು.

ವತ್ಸಲಾ ಮೇಡಂ ಕೆಟ್ಟವರಲ್ಲ. ಕನ್ನಡಕ ತೆಗೆದಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಮೂಟೆ ಆಗಲೇ ಪಟ್ಟಿಗಳೊಳಗೆ ಇಳಿದಾಗಿದೆ, ವಾಪಸು ಕರೆಯುವುದಕ್ಕೆ ಬರುವುದಿಲ್ಲ, ಇದರ ಮೇಲೆ ಇನ್ನೊಂದನ್ನು ಕಳಿಸಿದರೂ ಇದು ಬಿಚ್ಚಿಕೊಂಡ ಮೇಲೇ ಅದು ಬಿಚ್ಚಿಕೊಳ್ಳುವುದು, ಹಾಗೆ ಕಟ್ಟಿದವಳು ನೀನೇ ಅಲ್ಲವೇ ಎಂದರು. ಉಳಿದದ್ದು ಒಂದೇ ದಾರಿ. ಪಟ್ಟಿ ಇನ್ನೂ ಕತ್ತಿನ ಮೇಲೆ ಇರುವವರ ಮನೆಗೆ ಫೋನು ಮಾಡಿ, ಹೇಳಿಕೊಟ್ಟವರ ಬಾಯಿಂದಲೇ ಸರಿಯಾದ ಹೆಸರು ಹೇಳಿಸುವುದು.

ಊಟದ ಹೊತ್ತು ದಾಟುವಷ್ಟರಲ್ಲಿ ನಿಯಂತ್ರಣ ಕೊಠಡಿ ಮದುವೆ ಮನೆಯ ಹಾಗಾಯಿತು. ಎಲ್ಲರ ಕಿವಿಯಲ್ಲೂ ಫೋನು. ಅಜ್ಜೀ, ಒಂದೇ ಒಂದು ಸಲ, ಮೆಲ್ಲಗೆ ಹೇಳಿದರೂ ಸಾಕು ಎಂದು ಗೋಗರೆಯುತ್ತಿದ್ದರು. ಕೆಲವರು ಮಕ್ಕಳನ್ನು ಆಚೆ ಕಳಿಸಿ, ಬಾಗಿಲು ಹಾಕಿಕೊಂಡು, ಉಸಿರಿನಲ್ಲಿ ಹೇಳಿದರು. ಒಬ್ಬಾಕೆ ಹೇಳಿ ಅತ್ತಳು. ಇನ್ನೊಬ್ಬಾಕೆ ಹೆಸರು ಹೇಳುವ ಬದಲು ಮನೆದೇವರ ಹೆಸರು ಹೇಳಿ, ಅದೇ ಇವರ ಹೆಸರು, ಅರ್ಥ ಮಾಡ್ಕಳಪ್ಪ ಎಂದು ಲೋಬೋನಿಗೇ ಬಿಟ್ಟಳು. ಮಳವಳ್ಳಿ ಕಡೆಯ ಮುದುಕಿಯೊಬ್ಬಳು ಕೊನೆಗೂ ಜಗ್ಗಲಿಲ್ಲ. "ಹೆಸ್ರು ಹೇಳಿದ್ರೆ ಅವರ ಆಯಸ್ಸು ಕಮ್ಮಿಯಾಯ್ತದೆ ಕನಪ್ಪ. ಮಾತು ಹೋದ್ರೆ ಹೋಗ್ಲಿ, ಮನುಷ್ಯ ಇರ್ಲಿ" ಎಂದು ಫೋನಿಟ್ಟಳು. ಲೋಬೋ ಮುಂದಿನ ನಂಬರು ಒತ್ತಿದ.

ಸೌಭಾಗ್ಯ ಅಷ್ಟರಲ್ಲಿ ಮನೆಯ ಕಡೆಗೆ ಬಸ್ಸು ಹತ್ತಿದ್ದಳು. ಅವಳ ಸೋದರಮಾವ ಜವರಪ್ಪನ ಪಟ್ಟಿಯಲ್ಲೂ ಇದ್ದ ಹೆಸರು ನಮ್ಮೆಜಮಾನ್ರು. ಹಾಗೆ ಹೇಳಿದ್ದ ಅವರ ಹೆಂಡತಿ ಸಾಕಮ್ಮತ್ತೆ ತೀರಿಕೊಂಡು ವರ್ಷದ ಮೇಲಾಗಿತ್ತು.

ಜವರಪ್ಪ ಮಂಡ್ಯದ ಖಾಸಗಿ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುತ್ತಿದ್ದವರು. ಅವರು ಕೂಗಿದರೆ ಎಲ್ಲಿಗೂ ಹೋಗಬೇಕಿಲ್ಲದವನೂ ಎದ್ದು ನಿಲ್ಲುತ್ತಿದ್ದ ಎಂದು ಜನ ನಗುತ್ತಿದ್ದರು. ವರ್ಷಗಟ್ಟಲೆ ಬಸ್ಸಿನ ಹಾರನ್ನುಗಳ ನಡುವೆ ನಿಂತು ಅವರ ಕಿವಿ ಮಂದವಾಯಿತು, ಬೀಡಿ ಆ ಗಂಟಲನ್ನು ತಿಂದಿತು. ಆಪರೇಷನ್ನಿಗೆ ಮುಂಚಿನ ಅವರ ದನಿ ಸಿಕ್ಕಿದ್ದು ನಿಲ್ದಾಣದಲ್ಲಿ ಯಾರೋ ತೆಗೆದಿದ್ದ ವಿಡಿಯೋದಿಂದ. ಹಾಗಾಗಿ ಪಟ್ಟಿಯಲ್ಲಿ ಅವರು ಉಪ್ಪು ಕೇಳಿದರೂ ಬಸ್ಸು ಹೊರಡಿಸಿದ ಹಾಗೆಯೇ ಕೇಳುತ್ತಿತ್ತು. ಮಾತು ಮಾತ್ರ ಸಾಕಮ್ಮನದು. ಕಲಿಸಿದವಳು ಅವಳಲ್ಲವೇ, ಗಂಡನ ತುಟಿ ಹಸಿವೆಂದರೆ ಅವಳು ತನ್ನ ಬಾಯಿ ರೂಢಿಯಂತೆ "ಇವ್ರಿಗೆ ಹೊಟ್ಟೆ ಹಸೀತಾದೆ" ಎಂದೇ ಹೇಳಿಕೊಟ್ಟಿದ್ದಳು. ನಾನು ಅನ್ನುವ ಮಾತೇ ಆ ಕಣಜದಲ್ಲಿ ಇರಲಿಲ್ಲ. ಜವರಪ್ಪ ತಮ್ಮನ್ನೇ ತಾವು ಇವ್ರು ಎಂದುಕೊಳ್ಳುತ್ತ, ಹೆಂಡತಿಯ ಗೊಣಗಾಟವನ್ನೆಲ್ಲ ತಮ್ಮ ದೊಡ್ಡ ದನಿಯಲ್ಲಿ ಆಡುತ್ತ ಇದ್ದರು. ಕಂಪನಿಯವರು ಬಂದು ಸರಿಪಡಿಸುತ್ತೇವೆ ಎಂದಾಗ ಬೇಡವೆಂದು ಕೈಯಾಡಿಸಿದ್ದರು. ಹೆಂಡತಿ ಹೋದ ಮೇಲೆ ಅವರು ಮೈಸೂರಿನಲ್ಲಿ ಸೌಭಾಗ್ಯ ಒಬ್ಬಳೇ ಇದ್ದ ಮನೆಗೆ ಬಂದು ಸೇರಿದ್ದರು. ಬೀದಿಯ ಸೊಪ್ಪಿನವಳಿಂದ ಹಿಡಿದು ಗ್ಯಾಸಿನವನ ತನಕ ಎಲ್ಲರಿಗೂ ಅವರೊಂದಿಗೆ ಹರಟದಿದ್ದರೆ ಆಗದು ಎಂಬಂತಾಗಿತ್ತು.

ಅವಳು ಮನೆ ಹೊಕ್ಕಾಗ ಜವರಪ್ಪ ಸಂಜೆಯ ಸ್ನಾನಕ್ಕೆಂದು ಪಟ್ಟಿಯ ಕೊಂಡಿಗೆ ಕೈ ಹಾಕಿದ್ದರು. ಸೌಭಾಗ್ಯ ಚಪ್ಪಲಿ ಬಿಡದೆಯೇ ಓಡಿಹೋಗಿ ಆ ಕೈ ಹಿಡಿದಳು.

"ಯಾಕವ್ವ, ದೇವ್ರು ಬಂತಾ ಮೈಮ್ಯಾಲೆ?" ಎಂದಿತು ಪಟ್ಟಿ.

ಅವಳು ಅವರನ್ನು ಕೂರಿಸಿ ಎಲ್ಲವನ್ನೂ ಹೇಳಿದಳು. ಕಟ್ಟಿಕೊಂಡಿರುವಾಗ ಚಾರ್ಜ್ ಮಾಡುವಂತಿಲ್ಲ, ಚರ್ಮ ಸುಡುತ್ತದೆ. ಬಿಚ್ಚಿದರೆ ಅತ್ತೆ ಕಲಿಸಿದ್ದೆಲ್ಲ ಹೋಗುತ್ತದೆ. ಇರುವ ಚಾರ್ಜು ನಾಳೆ ಸಂಜೆಯವರೆಗೆ ಬಂದರೆ ಹೆಚ್ಚು, ಅದೂ ಮಾತಾಡದೇ ಇದ್ದರೆ. ಅದಕ್ಕೇ ಮಾವ, ನೀನು ಮಾತಾಡಬೇಡ, ಅಷ್ಟರಲ್ಲಿ ಏನಾದರೂ ದಾರಿ ಹುಡುಕುತ್ತೇನೆ ಎಂದಳು. ಹೇಳುವಾಗ ಅವಳಿಗೇ ತನ್ನ ಮಾತು ವಿಚಿತ್ರವಾಗಿ ಕೇಳಿಸಿತು.

ಜವರಪ್ಪ ಹ್ಞೂಂ ಎಂಬಂತೆ ತಲೆಯಾಡಿಸಿದರು. ಮತ್ತೆ ಹೊಸದಾಗಿ ಕಲಿಸೋಕಾಗಲ್ಲವಾ ಎಂದು ಕೈಸನ್ನೆಯಲ್ಲೇ ಕೇಳಿದರು. ಕಲಿಸಬಹುದು. ಅದಕ್ಕೆ ಅವರ ತುಟಿ ಓದಬಲ್ಲವರು ಬೇಕು. ಸೌಭಾಗ್ಯಳಿಗೆ ಅನ್ನ, ನೀರು, ಬಾ, ಹೋಗು ಇಷ್ಟು ತಿಳಿಯುತ್ತಿತ್ತು. ಜವರಪ್ಪನ ಮಗಳು ಸುಜಾತಳಿಗೆ ಇನ್ನೂ ಒಂದೆರಡು ಹೆಚ್ಚು. ಉಳಿದದ್ದೆಲ್ಲ ತಿಳಿಯುತ್ತಿದ್ದದ್ದು ಒಬ್ಬಳಿಗೆ.

ಮಾರನೆಯ ಬೆಳಿಗ್ಗೆ ಸುಜಾತ ಮದ್ದೂರಿನಿಂದ ಬಂದಳು. ಹೊಸಿಲು ದಾಟುತ್ತಲೇ ಅತ್ತು, ಅಪ್ಪನ ಸನ್ನೆಗೆ ಅಳು ನಿಲ್ಲಿಸಿ, ಚೀಲದಿಂದ ತನ್ನ ಮದುವೆಯ ವಿಡಿಯೋ ಇದ್ದ ಪೆನ್‌ಡ್ರೈವ್ ತೆಗೆದಳು. ಅವಳು ನೆಚ್ಚಿಕೊಂಡಿದ್ದು ಅದನ್ನೇ. ಹೆಣ್ಣುಗಂಡನ್ನು ಒಳಗೆ ಕರೆದುಕೊಳ್ಳುವಾಗ ಹೆಸರು ಹೇಳಿಸುವ ಶಾಸ್ತ್ರ ಇತ್ತಲ್ಲ, ಆಗ ಹೆಂಗಸರೆಲ್ಲ ಸೇರಿ ಅವ್ವನನ್ನೂ ಬಿಡದೆ ಹಿಡಿದು ನಿಲ್ಲಿಸಿ ಹೇಳಿಸಿದರು, ಅವ್ವ ಒಗಟು ಕಟ್ಟಿ ಹೇಳಿದಳು, ನನಗೆ ಚೆನ್ನಾಗಿ ನೆನಪಿದೆ ಎಂದಳು. ಸಾಕಮ್ಮನದೇ ಬಾಯಿ, ಸಾಕಮ್ಮನದೇ ದನಿ, ಒಂದೇ ಒಂದು ಸಲ ಜವರಪ್ಪ ಎಂದಿದ್ದರೆ ಸಾಕು.

ಟಿವಿಗೆ ಹಾಕಿದರು. ಜರಿಸೀರೆಯ ಸಾಕಮ್ಮ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಸುತ್ತ ಹತ್ತಾರು ಕೈ ಅವಳನ್ನು ತಿವಿಯುತ್ತಿದ್ದವು. ಕೊನೆಗೆ ಸೆರಗು ಸರಿಸಿ ಶುರುಮಾಡಿದಳು: "ಸೀಟಿ ಊದಿದ್ರೆ ಬಸ್ಸು ನಿಲ್ತದೆ, ಇವ್ರು ಕೂಗಿದ್ರೆ ಊರೇ ನಿಲ್ತದೆ, ಕೂಗೋರ ಹೆಸ್ರು..."

ಅಷ್ಟು ಹೊತ್ತಿಗೆ ಆಚೆ ಚಪ್ಪರದಲ್ಲಿ ವಾಲಗದವರು ಎತ್ತಿಕೊಂಡರು. ಡೋಲಿನ ಅಬ್ಬರದಲ್ಲಿ ಅವಳ ತುಟಿ ಅಲುಗಿದ್ದು ಕಂಡಿತೇ ಹೊರತು ಮಾತು ಕೇಳಲಿಲ್ಲ. ಹೆಂಗಸರು ಬಿದ್ದುಬಿದ್ದು ನಕ್ಕರು. ಜವರಪ್ಪ ಮುಂದಕ್ಕೆ ಬಾಗಿ ಟಿವಿಯನ್ನು ನೋಡುತ್ತಿದ್ದರು. ಅವರ ಕತ್ತಿನಲ್ಲಿದ್ದ ಪಟ್ಟಿ ಇದ್ದಕ್ಕಿದ್ದ ಹಾಗೆ "ಹೇಳಿಕೊಟ್ಟವರ ದನಿ ಗುರುತಾಗಿದೆ. ಬಳಕೆದಾರರ ಹೆಸರು ಹೇಳಿ" ಎಂದಿತು. ಮೂವರೂ ಬೆಚ್ಚಿದರು. ಸ್ವಲ್ಪ ಕಾದು, "ಕೇಳಿಸಲಿಲ್ಲ" ಎಂದು ಅದು ಸುಮ್ಮನಾಯಿತು.

ಸೌಭಾಗ್ಯ ಆ ತುಣುಕನ್ನು ಲೋಬೋನಿಗೆ ಕಳಿಸಿದಳು. ವಾಲಗ ಬಿಡಿಸಿ ದನಿ ಮಾತ್ರ ಉಳಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಊಟಕ್ಕೆ ಕೂತರು. ಸುಜಾತ, ಅವ್ವ ಹೇಳಿಯೇ ಇರುತ್ತಾಳೆ, ಇಲ್ಲದಿದ್ದರೆ ಅಷ್ಟು ಜನ ಬಿಡುತ್ತಿದ್ದರೇ ಎಂದು ಅದನ್ನೇ ಹೇಳುತ್ತಿದ್ದಳು. ಪಟ್ಟಿಯ ದೀಪ ಹಸಿರು ಕಳೆದು ಹಳದಿಯಾಗಿತ್ತು.

ತೊಳೆದ ತುಣುಕು ಬಂತು. ಸೌಭಾಗ್ಯ ಫೋನನ್ನು ಮಾವನ ಕತ್ತಿನ ಹತ್ತಿರ ಹಿಡಿದು ಒತ್ತಿದಳು. ವಾಲಗವಿಲ್ಲದ ಮದುವೆ ಮನೆ ಬಾವಿಯೊಳಗಿನಿಂದ ಕೇಳಿದ ಹಾಗೆ ಕೇಳಿತು. ಸಾಕಮ್ಮನ ದನಿ ತಿಳಿನೀರಿನಷ್ಟು ಸ್ಪಷ್ಟವಾಗಿತ್ತು: "ಇವ್ರು ಕೂಗಿದ್ರೆ ಊರೇ ನಿಲ್ತದೆ, ಕೂಗೋರ ಹೆಸ್ರು ನಮ್ಮೆಜಮಾನ್ರು." ಆಮೇಲೆ ಹೆಂಗಸರ ನಗು.

"ಬಳಕೆದಾರರ ಹೆಸರು ನಮ್ಮೆಜಮಾನ್ರು. ದಾಖಲೆಗೆ ಹೊಂದುತ್ತಿಲ್ಲ" ಎಂದಿತು ಪಟ್ಟಿ.

ಮೊದಲು ಅಲುಗಿದ್ದು ಜವರಪ್ಪನ ಭುಜ. ಅಳುತ್ತಿದ್ದಾರೆಂದು ಸುಜಾತ ಹತ್ತಿರ ಸರಿದಳು. ಅವರು ನಗುತ್ತಿದ್ದರು. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು. ಪಟ್ಟಿಗೆ ನಗುವುದನ್ನು ಯಾರೂ ಕಲಿಸಿರಲಿಲ್ಲ.

ಸ್ವಲ್ಪ ಹೊತ್ತಿಗೆ ಲೋಬೋ ಫೋನು ಮಾಡಿದ. ಕಚೇರಿಯ ಸುದ್ದಿ ಹೇಳಿದ. ಅರ್ಧಕ್ಕರ್ಧ ಜನರ ಕಣಜ ಹೋಗಿದೆ, ನಿಮ್ಮ ಮಾವನದು ಬಿಟ್ಟರೆ ಹೆಂಡತಿ ಇಲ್ಲದವರದಂತೂ ಒಂದೂ ಉಳಿದಿಲ್ಲ, ಮೇಡಂ ಮೇಲಿನವರಿಗೆ ಬರೆದಿದ್ದಾರೆ, ಅವರಿಂದ ಬಂದದ್ದು ಮರಳಿ ಕಲಿಸಿಕೊಳ್ಳಲು ತಿಳಿಸಿ ಎಂಬ ಒಂದು ಸಾಲು. ಆಮೇಲೆ ತಾನೇ ಹೊಸದೊಂದು ಮಾತು ತೆಗೆದ.

"ಒಂದು ಉಪಾಯ ಉಂಟು. ನಿಮ್ಮ ಅತ್ತೆಯ ದನಿ ಈಗ ನನ್ನ ಹತ್ತಿರ ಉಂಟಲ್ಲ. ಅದರಿಂದಲೇ ಹೆಸರು ಹೇಳಿಸಿದ ಹಾಗೆ ತಯಾರು ಮಾಡಿ ಕೊಡುವಾ? ತಯಾರಿಸಿದ ದನಿಯನ್ನು ಬೀಗ ಹಿಡಿದುಬಿಡ್ತದೆ, ಗೊತ್ತು. ಹಿಡಿದರೆ ಅಲ್ಲಿಯೇ ಅಳಿಸ್ತದೆ. ಆದರೂ ನನ್ನ ಕೈಯಲ್ಲಿ ಹತ್ತಕ್ಕೆ ಒಂದು ಸಲ ದಾಟಿದ್ದುಂಟು."

ಹೇಗೂ ಹೋಗುವುದೇ, ಮಾಡು ಎಂದಳು ಸೌಭಾಗ್ಯ. ಫೋನು ಮಾವನಿಗೂ ಕೇಳಲೆಂದು ಜೋರಾಗಿ ಸ್ಪೀಕರಿನಲ್ಲಿತ್ತು. ಅವಳು ತಿರುಗಿ ನೋಡಿದಾಗ ಜವರಪ್ಪ ಅಂಗೈಯನ್ನು ಅಡ್ಡ ಹಿಡಿದಿದ್ದರು. ಮುನ್ನಾ ದಿನ ಸಂಜೆಯಿಂದ ಒಂದು ಮಾತೂ ಆಡದ ಮನುಷ್ಯ ಬಾಯಿ ತೆರೆದರು.

"ಇವ್ರಿಗೆ ಅದು ಬ್ಯಾಡ" ಎಂದಿತು ಪಟ್ಟಿ, ಬೀದಿಗೆ ಕೇಳುವಂತೆ.

"ಮಾವ, ಹತ್ತರಲ್ಲಿ ಒಂದು ಅಂದ್ರೂ ಒಂದು ಅಲ್ವಾ? ಸುಮ್ನಿರು ನೀನು, ಚಾರ್ಜ್ ಹೋಗುತ್ತೆ."

"ಓಗ್ಲಿ. ಬಾಯಿ ಬಿಟ್ಟು ಒಂದ್ ದಿನ ಅಂದೋಳಲ್ಲ." ಪಟ್ಟಿ ತಡವರಿಸಿತು. ಸಾಕಮ್ಮ ಅವಳು ಎಂದು ತನ್ನನ್ನು ತಾನು ಯಾವತ್ತೂ ಕರೆದುಕೊಂಡಿರಲಿಲ್ಲ. ಎದುರುಮನೆಯ ಜಗಳಗಂಟಿಯನ್ನು ಬೈಯುವಾಗ ಕಲಿಸಿದ ಮಾತನ್ನು ಜವರಪ್ಪ ಹುಡುಕಿ ಹುಡುಕಿ ತಂದಿದ್ದರು. "ಸತ್ತ ಮ್ಯಾಲೆ ಅನ್ನುಸ್ತೀರಾ? ಅವಳ ಬಾಯಿಗೆ ಕೋಲಾಕಿ ಅನ್ನುಸ್ತೀರಾ? ಬ್ಯಾಡ ಕನವ್ವ. ಇವ್ರಿಗೆ ಅಂಥ ಆಸೆ ಇಲ್ಲ."

ಸೌಭಾಗ್ಯ ಫೋನಿಟ್ಟಳು. ನನ್ನಿಂದಲೇ ಹೀಗಾಯಿತು ಎಂದು ಅವಳು ಅನ್ನುವುದರೊಳಗೆ ಜವರಪ್ಪ, ಇವ್ರಿಗೆ ಕಾಪಿ ಬೇಕು, ಸಕ್ರೆ ಜಾಸ್ತಿ ಆಕು, ಡಾಕುಟ್ರಿಗೆ ಯೋಳ್ಬ್ಯಾಡ ಎಂದರು. ಸುಜಾತ ಕಣ್ಣೊರೆಸಿಕೊಂಡು ಒಳಗೆ ಹೋದಳು.

ದೀಪ ಕೆಂಪಾಯಿತು. ಚಾರ್ಜ್ ಉಳಿಸಿ ಮಾಡುವುದೇನೂ ಇರಲಿಲ್ಲವಾದ್ದರಿಂದ ಜವರಪ್ಪ ಮಾತಿಗೆ ಕೂತರು. ಸೊಪ್ಪಿನವಳು ಬಂದಾಗ ಕಿಟಕಿಯಿಂದಲೇ, ನಿನ್ನ ಸೊಪ್ಪಿಗಿಂತ ನೀನೇ ಬಾಡಿದ್ದೀಯಲ್ಲ ಎಂದು ಅವಳನ್ನು ನಗಿಸಿ ಕಳಿಸಿದರು. ನಾಳೆಯಿಂದ ತಾತ ಮಾತಾಡುವುದಿಲ್ಲ ಎಂದು ಅವಳಿಗೆ ಹೇಳಬೇಕೆನ್ನಿಸಿದರೂ ಸೌಭಾಗ್ಯಳಿಗೆ ಬಾಯಿ ಬರಲಿಲ್ಲ. ಕಾಫಿ ಮುಗಿಸಿ ಅವರು ತಮ್ಮ ಹೆಣ್ಣು ನೋಡುವ ಶಾಸ್ತ್ರದ ಕತೆ ತೆಗೆದರು. ಅದನ್ನೂ ಸಾಕಮ್ಮ ಕಲಿಸಿದ ಹಾಗೆಯೇ ಹೇಳಬೇಕಾಗಿದ್ದರಿಂದ ಕತೆ ಒಳಮನೆಯಿಂದ ಶುರುವಾಯಿತು, ಹೆಣ್ಣಿನ ಕಡೆಯಿಂದ.

"ಇವ್ರು ಜಗುಲಿ ಮ್ಯಾಲೆ ಕುಂತು ನೀರು ಕೇಳುದ್ರು. ಆ ಗಂಟ್ಲು ಕೇಳಿ ಕೊಟ್ಗೇಲಿದ್ದ ಕರ ಅಗ್ಗ ಕಿತ್ಗಂಡು ಓಡೋಯ್ತು. ನಮ್ಮವ್ವ, ಈ ಗಂಡು ಬ್ಯಾಡ ಕನೆ, ರಾತ್ರಿ ಎಲ್ಲ ನಿದ್ದೆ ಬರಾಕಿಲ್ಲ ನಿಂಗೆ ಅಂದ್ಲು."

"ಆಮೇಲೆ? ಅತ್ತೆ ಏನಂದ್ರು?" ಎಂದಳು ಸೌಭಾಗ್ಯ.

"ಅಂದದ್ದೇನು. ಕರ ಇಡ್ಕಂಡು ಬರಾಕೆ ಇವ್ರೇ ಓಡುದ್ರು. ಬಿಳಿ ಪಂಚೆ ಉಟ್ಕಂಡು ಕೆಸ್ರು ಗದ್ದೇಲಿ..."

ದನಿ ಅಲ್ಲಿಗೆ ನಿಂತಿತು. ದೀಪ ಒಮ್ಮೆ ಮಿನುಗಿ ಆರಿತು. ಕೊನೆಯ ಗುಟುಕು ಕರೆಂಟಿನಲ್ಲಿ ಮೂಟೆ ಒಳಗೆ ಬಿಚ್ಚಿಕೊಳ್ಳುತ್ತಿರಬೇಕು, ಅದಕ್ಕೆ ಸದ್ದಿರಲಿಲ್ಲ. ಕಿವಿ ಮಂದ, ಮೇಲೆ ಕತೆಯಲ್ಲಿ ಮುಳುಗಿದ್ದ ಜವರಪ್ಪನಿಗೆ ಪಟ್ಟಿಯ ದನಿ ನಿಂತದ್ದು ತಿಳಿಯಲಿಲ್ಲ. ಅವರು ಹೇಳುತ್ತಲೇ ಇದ್ದರು. ಕೈ ಗಾಳಿಯಲ್ಲಿ ಕರುವಿನ ಹಿಂದೆ ಓಡಿತು, ಪಂಚೆ ಎತ್ತಿ ಕಟ್ಟಿತು, ಜಾರಿತು. ಲೋಟ ತೆಗೆದುಕೊಳ್ಳಲು ಬಂದ ಸುಜಾತ ಬಾಗಿಲಲ್ಲೇ ನಿಂತಳು. ಸೌಭಾಗ್ಯ ಅವಳತ್ತ ನೋಡದೆ ಹ್ಞೂಂ, ಹ್ಞೂಂ ಎನ್ನುತ್ತ ಹೋದಳು. ಜವರಪ್ಪ ತೊಡೆ ತಟ್ಟಿಕೊಂಡು ಅವಳ ಮುಖ ನೋಡಿದರು. ನಗಬೇಕಾದ ಜಾಗ ಬಂದಿತ್ತೆಂದು ಕಾಣುತ್ತದೆ. ಅವಳು ನಕ್ಕಳು.